ಮಗುವಿನ ತೂಕ ನೆನಪಿದೆ, ತಾಯಿಯ ಬಿಪಿ ನೆನಪಿಲ್ಲ

ಕಳೆದ ವರ್ಷ ಅಕ್ಕನನ್ನು ಒಬ್ಬ ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ 44. ಕೆಲವು ದಿನಗಳಿಂದ ಬೆಳಿಗ್ಗೆ ಎದ್ದ ಕೂಡಲೇ ತಲೆ ಭಾರ, ಪೇಪರ್ ಓದುವಾಗ ಅಕ್ಷರ ಮಂಜು. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಮೊದಲು ಕಣ್ಣಿನ ಡಾಕ್ಟರ ಬಳಿಗೇ ಹೋಗಿದ್ದಳು. ಅವರು ಕಣ್ಣಿಗೆ ಹನಿ ಹಾಕಿ, ಹಿಂದಿನ ನರ ಪರೀಕ್ಷೆ ಮಾಡಿ, "ಬಿಪಿ ಯಾವಾಗ ನೋಡಿಸಿದ್ರಿ?" ಅಂತ ಕೇಳಿ ಇಲ್ಲಿಗೆ ಕಳಿಸಿದ್ದರು. ಇಲ್ಲಿ ನರ್ಸ್ ಒಂದು ಸಲ ನೋಡಿದರು. ಐದು ನಿಮಿಷ ಕೂರಿಸಿ ಇನ್ನೊಂದು ಸಲ ನೋಡಿದರು. ಆಮೇಲೆ ಇನ್ನೊಂದು ತೋಳಿಗೂ ಪಟ್ಟಿ ಸುತ್ತಿದರು. 168/104.

ಡಾಕ್ಟರು ಒಳ್ಳೆಯವರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಅಪ್ಪನಿಗೆ ಬಿಪಿ ಇತ್ತಾ, ಅಮ್ಮನಿಗೆ ಶುಗರ್ ಇದೆಯಾ, ಉಪ್ಪಿನಕಾಯಿ ಹಪ್ಪಳ ಎಷ್ಟು, ನಿದ್ದೆ ಹೇಗೆ, ಮುಟ್ಟು ಸರಿಯಾಗಿ ಆಗುತ್ತಾ, ಎಲ್ಲ ಕೇಳಿದರು. "ಟೆನ್ಷನ್ ಏನಾದ್ರೂ ಇದೆಯಾಮ್ಮ?" ಅಂದಾಗ ಅಕ್ಕ "ಸಂಸಾರ ಇದೆ ಸರ್" ಅಂದಳು, ಅವರು ಜೋರಾಗಿ ನಕ್ಕರು. ಇಸಿಜಿ, ರಕ್ತ, ಮೂತ್ರ ಎಲ್ಲ ಬರೆದುಕೊಟ್ಟರು. ನಾನು ಕಾಯುತ್ತಿದ್ದ ಪ್ರಶ್ನೆ ಮಾತ್ರ ಬರಲಿಲ್ಲ. ಕೊನೆಗೆ ನಾನೇ ಬಾಯಿ ಹಾಕಿದೆ. "ಸರ್, ಇವಳಿಗೆ ಚೊಚ್ಚಲ ಹೆರಿಗೆಯಲ್ಲಿ ಬಿಪಿ ತುಂಬಾ ಏರಿತ್ತು. ಫಿಟ್ಸ್ ಬರದಿರಲಿ ಅಂತ ಇಂಜೆಕ್ಷನ್ ಕೊಟ್ಟಿದ್ರು." ಅವರು ತಲೆ ಎತ್ತಿದರು. "ಯಾವಾಗ?" "2005ರಲ್ಲಿ." "ಆಮೇಲೆ ನಾರ್ಮಲ್ ಆಯ್ತಲ್ಲ?" "ಆಯ್ತು ಅಂದಿದ್ರು." "ಸರಿ ಹಾಗಾದ್ರೆ, ಅದು ಬೇರೆ, ಇದು ಬೇರೆ" ಅಂದು ಮಾತ್ರೆ ಬರೆಯಲು ಶುರು ಮಾಡಿದರು.

ಅದು ಬೇರೆ, ಇದು ಬೇರೆ. ಆ ಮಾತು ತಲೆಯಲ್ಲೇ ಕೂತುಬಿಟ್ಟಿದೆ. ಯಾಕೆಂದರೆ ಅದು ಬೇರೆ ಅಲ್ಲ. ಹೃದಯದ ವಿಷಯ ಓದುವವರಿಗೆ ಇದು ಬಹಳ ವರ್ಷದಿಂದ ಗೊತ್ತು. ಹೆರಿಗೆ ಮಾಡಿಸುವವರಿಗೂ ಗೊತ್ತು. ಇಬ್ಬರ ನಡುವೆ ನಿಂತಿರುವ ಹೆಂಗಸಿಗೆ ಮಾತ್ರ ಯಾರೂ ಹೇಳಿರುವುದಿಲ್ಲ.

ಮೊಣಕಾಲಿಗೆ ಸುತ್ತಿಗೆ

2005ರಲ್ಲಿ ಅಕ್ಕ ಹೆರಿಗೆಗೆ ಅಂತ ತವರಿಗೆ ಬಂದಾಗ ಎಂಟನೇ ತಿಂಗಳು ನಡೆಯುತ್ತಿತ್ತು. ಸೀಮಂತದ ಫೋಟೋಗಳಲ್ಲಿ ನೋಡಿದರೆ ಮುಖ ಊದಿದ್ದು ಚೆನ್ನಾಗಿ ಕಾಣುತ್ತದೆ. ಬಳೆ ತೊಡಿಸುವವಳು ಕೈ ಹಿಂಡಿ ಹಿಂಡಿ ತೊಡಿಸಿದಳು, ಕಾಲುಂಗುರ ಬಿಚ್ಚಲು ಸೋಪು ಹಚ್ಚಬೇಕಾಯಿತು. ಆಗ ಎಲ್ಲರೂ "ಎಷ್ಟು ಕಳೆ ಬಂದಿದೆ ನೋಡು" ಅನ್ನುತ್ತಿದ್ದರು. ಬಸುರಿ ಅಂದ ಮೇಲೆ ಕಾಲು ಬಾವು ಬರುವುದು ಇದ್ದದ್ದೇ ಅಂತ ನಮ್ಮಜ್ಜಿ. ಅದು ಸುಳ್ಳೂ ಅಲ್ಲ. ಕಾಲು ಊದಿಕೊಂಡವರೆಲ್ಲರಿಗೂ ಬಿಪಿ ಇರುವುದಿಲ್ಲ, ಬಿಪಿ ಇರುವವರೆಲ್ಲರ ಕಾಲೂ ಊದುವುದಿಲ್ಲ. ಮುಖ, ಕೈ ಒಂದೆರಡು ದಿನದಲ್ಲೇ ಊದಿದರೆ ಅದು ಬೇರೆ ಲೆಕ್ಕ.

ಒಂದು ಸಂಜೆ ತಲೆ ಸಿಡಿಯುತ್ತಿದೆ ಅಂದಳು. ಅಮ್ಮ ಹಣೆಗೆ ಅಮೃತಾಂಜನ ಹಚ್ಚಿದರು. ರಾತ್ರಿ ಊಟಕ್ಕೆ ಕೂತಾಗ ಕಣ್ಣ ಮುಂದೆ ಮಿಣುಕು ಮಿಣುಕು ಅನ್ನುತ್ತಿದೆ ಅಂದಳು. ಎದೆಯ ಕೆಳಗೆ, ಬಲಗಡೆ, ಯಾರೋ ಹಿಡಿದುಕೊಂಡ ಹಾಗೆ ನೋವು. ಅದು ಗ್ಯಾಸ್ ಅಲ್ಲ, ಲಿವರ್ ತೊಂದರೆ ಹೇಳುತ್ತಿರಬಹುದು ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಪಕ್ಕದ ಮನೆಯವರ ಓಮ್ನಿಯಲ್ಲಿ ಆಸ್ಪತ್ರೆಗೆ ಹೋದೆವು. ಲ್ಯಾಬಿನ ಹುಡುಗ ಮೂತ್ರದ ಗಾಜಿನ ಕೊಳವೆಯನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದು ಕಾಯಿಸಿದ. ಮೇಲಿನ ಭಾಗ ಬೆಳ್ಳಗೆ ಗಟ್ಟಿಯಾಗುತ್ತಾ ಬಂತು. ಎರಡು ಹನಿ ಆಸಿಡ್ ಹಾಕಿದರೂ ಕರಗಲಿಲ್ಲ. ಅವನು ನನ್ನ ಮುಖ ನೋಡದೆ ಕೊಳವೆ ಹಿಡಿದುಕೊಂಡೇ ವಾರ್ಡಿಗೆ ನಡೆದ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು.

ಆ ರಾತ್ರಿ ಕೊಟ್ಟಿದ್ದು ಮೆಗ್ನೀಷಿಯಂ ಸಲ್ಫೇಟ್. ಸ್ವಲ್ಪ ಕೈಯ ರಕ್ತನಾಳಕ್ಕೆ, ನಿಧಾನವಾಗಿ. ಉಳಿದದ್ದು ಐದೈದು ಗ್ರಾಂನಂತೆ ಎರಡೂ ಪಿರ್ರೆಗೆ, ಉದ್ದ ಸೂಜಿಯಲ್ಲಿ. ಅಕ್ಕನಿಗೆ ಹೆರಿಗೆ ನೋವಿಗಿಂತ ಆ ಇಂಜೆಕ್ಷನ್ನೇ ಈಗಲೂ ನೆನಪು. ಮೈಯೆಲ್ಲ ಬೆಂಕಿ ಹೊಕ್ಕ ಹಾಗಾಯಿತು ಅನ್ನುತ್ತಾಳೆ. ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮತ್ತೆ ಮತ್ತೆ ಬಂದು ಸಣ್ಣ ರಬ್ಬರ್ ಸುತ್ತಿಗೆಯಲ್ಲಿ ಅವಳ ಮೊಣಕಾಲಿಗೆ ತಟ್ಟುತ್ತಿದ್ದರು. ಕಾಲು ಪುಟಿಯಬೇಕು. ಪುಟಿಯದಿದ್ದರೆ ಔಷಧಿ ಜಾಸ್ತಿಯಾಗಿದೆ ಅಂತ ಅರ್ಥ, ಮುಂದೆ ಉಸಿರಾಟಕ್ಕೇ ಕುತ್ತು. ಉಸಿರು ಎಣಿಸುತ್ತಿದ್ದರು, ಮೂತ್ರದ ಚೀಲದಲ್ಲಿ ಎಷ್ಟಿದೆ ಅಂತ ಬಗ್ಗಿ ನೋಡಿ ಬರೆದುಕೊಳ್ಳುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ಆ ಕಾಲು ಪುಟಿಯುವುದನ್ನೇ ಕಾಯುತ್ತಿದ್ದೆ. ಆ ಡಾಕ್ಟರಮ್ಮ ಇಡೀ ರಾತ್ರಿ ಕೂತಿದ್ದು ನೋಡಿಲ್ಲ.

ಈ ಇಂಜೆಕ್ಷನ್‌ಗೂ ಒಂದು ಕಥೆಯಿದೆ. ಎಷ್ಟೋ ದಶಕ ಡಾಕ್ಟರುಗಳು ಇದು ಕೆಲಸ ಮಾಡುತ್ತಾ ಇಲ್ಲವಾ ಅಂತ ಕಿತ್ತಾಡಿದ್ದರು. ಭಾರತವೂ ಸೇರಿ 33 ದೇಶಗಳಲ್ಲಿ 10,000ಕ್ಕೂ ಹೆಚ್ಚು ಬಸುರಿಯರು, ಬಾಣಂತಿಯರ ಮೇಲೆ ನಡೆದ ಮ್ಯಾಗ್‌ಪೈ ಅನ್ನುವ ಅಧ್ಯಯನ 2002ರಲ್ಲಿ ಆ ಜಗಳ ಮುಗಿಸಿತು. ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದಾಗಿ ಮೂರು ವರ್ಷಕ್ಕೆ ನಮ್ಮಂಥ ಊರಿನ ಆಸ್ಪತ್ರೆಯಲ್ಲೂ ಅದು ಅಕ್ಕನಿಗೆ ಸಿಕ್ಕಿತು. ಅಗ್ಗದ ಔಷಧಿ. ಈ ವಿಷಯದಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಗಳನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಹೆರಿಗೆಯ ಹೊತ್ತಿಗೆ ಜೀವ ಉಳಿಸುವುದನ್ನು ಅವು ಕಲಿತಿವೆ. 2004-06ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು.

ಬೆಳಗಿನ ಜಾವ ಆಪರೇಷನ್ ಮಾಡಿ ಮಗು ತೆಗೆದರು. 1 ಕೆಜಿ 700 ಗ್ರಾಂ. ಈ ಅಂಕಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅಮ್ಮ, ಭಾವ, ದೊಡ್ಡಮ್ಮನ ಮಕ್ಕಳು, ಯಾರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅಕ್ಕನ ಬಿಪಿ ಎಷ್ಟಿತ್ತು ಅಂತ ಕೇಳಿದರೆ ಭಾವ 180 ಅನ್ನುತ್ತಾರೆ, ಅಮ್ಮ 200 ಅನ್ನುತ್ತಾರೆ, ಕೆಳಗಿನ ಅಂಕಿ ಇಬ್ಬರಿಗೂ ಗೊತ್ತಿಲ್ಲ. ಡಿಸ್ಚಾರ್ಜ್ ಚೀಟಿ ಒಂದು ಮನೆ ಬದಲಾಯಿಸುವಾಗ ಹೋಯಿತು.

ಮಾಸು ಬಿದ್ದ ಮೇಲೆ

ಈ ಕಾಯಿಲೆಗೆ ಡಾಕ್ಟರುಗಳು ಇಟ್ಟ ಹೆಸರು ಪ್ರೀಎಕ್ಲಾಂಪ್ಸಿಯಾ. 20 ವಾರ ದಾಟಿದ ಮೇಲೆ ಹೊಸದಾಗಿ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಹೋಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಬಂದರೆ, ಇಲ್ಲವೇ ಲಿವರ್, ಕಿಡ್ನಿ, ಪ್ಲೇಟ್‌ಲೆಟ್‌ಗಳಲ್ಲಿ ಏರುಪೇರಾದರೆ ಅದು ಪ್ರೀಎಕ್ಲಾಂಪ್ಸಿಯಾ. ಬರೀ ಬಿಪಿ ಮಾತ್ರ ಏರಿದರೆ ಬಸಿರಿನ ಬಿಪಿ ಅಷ್ಟೇ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಗೊತ್ತಿರುವಂತೆ ಬೇರೆಲ್ಲ ಮಾತ್ರೆಗಳು ಕಾಲ ತಳ್ಳಲು ಮಾತ್ರ, ನಿಜವಾದ ಮದ್ದು ಹೆರಿಗೆಯೇ. ಯಾಕೆಂದರೆ ತೊಂದರೆ ಶುರುವಾಗುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಸಣ್ಣ ಸುರುಳಿ ರಕ್ತನಾಳಗಳು ಅಗಲವಾಗಿ, ಸಡಿಲವಾಗಿ, ಮಗುವಿಗೆ ಧಾರಾಳವಾಗಿ ರಕ್ತ ಕೊಡುವಂತೆ ಬದಲಾಗಬೇಕು. ಕೆಲವರಲ್ಲಿ ಅವು ಸರಿಯಾಗಿ ಬದಲಾಗುವುದಿಲ್ಲ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನ್‌ಗಳನ್ನು ಬಿಡುತ್ತದೆ. ಅವು ತಾಯಿಯ ಮೈಯ ಎಲ್ಲ ರಕ್ತನಾಳಗಳ ಒಳಪದರವನ್ನೂ ಕೆಡಿಸುತ್ತವೆ. ಅದಕ್ಕೇ ಒಂದೇ ಕಾಯಿಲೆ ಕಣ್ಣಲ್ಲಿ ಮಿಣುಕಾಗಿ, ಲಿವರಿನಲ್ಲಿ ನೋವಾಗಿ, ಮೂತ್ರದಲ್ಲಿ ಪ್ರೋಟೀನ್ ಆಗಿ, ತಲೆಯಲ್ಲಿ ಸಿಡಿತವಾಗಿ ಕಾಣಿಸಿಕೊಳ್ಳುತ್ತದೆ.

ಹಾಗಾಗಿ ಮಾಸು ಬಿದ್ದರೆ ಕಾಯಿಲೆ ಹೋಯಿತು ಅನ್ನುವುದು ಅರ್ಧ ನಿಜ. ಬಿಪಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿದದ್ದನ್ನು ನೋಡಿ ಎಲ್ಲರೂ ಉಸಿರು ಬಿಡುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ ಅಂದುಕೊಂಡಿದ್ದೆವು. ಆದರೆ ಹೀಗೆ ಬಿಪಿ ಬಂದು ಹೋದ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದ ಒಂದು ದೊಡ್ಡ ವಿಶ್ಲೇಷಣೆ 2007ರಲ್ಲಿ ಬಂತು. ಪ್ರೀಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಖಾಯಂ ಬಿಪಿ ಬರುವ ಸಂಭವ ಉಳಿದವರ ಮೂರೂವರೆ ಪಟ್ಟಿಗಿಂತ ಜಾಸ್ತಿ. ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಸಂಭವ ಎರಡು ಪಟ್ಟು. ಲಕ್ವ ಹೊಡೆಯುವ ಸಂಭವವೂ ಹೆಚ್ಚು ಕಡಿಮೆ ಎರಡು ಪಟ್ಟು. ಮರು ವರ್ಷ ನಾರ್ವೆಯಿಂದ ಬಂದ ವರದಿ ಕಿಡ್ನಿಯ ಮಾತು ಹೇಳಿತು: ಚೊಚ್ಚಲಲ್ಲಿ ಪ್ರೀಎಕ್ಲಾಂಪ್ಸಿಯಾ ಆದವರಲ್ಲಿ ಡಯಾಲಿಸಿಸ್ ಹಂತಕ್ಕೆ ಹೋಗುವ ಸಂಭವ ನಾಲ್ಕು ಪಟ್ಟಿಗಿಂತ ಜಾಸ್ತಿ. ಅಕ್ಕನ ಹಾಗೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದವರಲ್ಲಿ ಇವೆಲ್ಲ ಇನ್ನೂ ಹೆಚ್ಚು. 2011ರಲ್ಲೇ ಅಮೆರಿಕದ ಹೃದ್ರೋಗ ಸಂಘ ಹೆಂಗಸರ ಹೃದಯಕ್ಕೆ ಅಪಾಯ ತರುವ ಕಾರಣಗಳ ಪಟ್ಟಿಗೆ ಇದನ್ನು ಸೇರಿಸಿತು.

ಪಟ್ಟು ಪಟ್ಟು ಅಂತ ಓದಿ ಯಾರೂ ಹೆದರಬೇಡಿ. ಮೂವತ್ತರ ಹೆಣ್ಣಿಗೆ ಹೃದಯಾಘಾತ ಆಗುವುದೇ ಬಹಳ ಅಪರೂಪ, ಅದರ ಎರಡು ಪಟ್ಟೂ ಅಪರೂಪವೇ. ಹೀಗೆ ಬಿಪಿ ಬಂದ ಎಷ್ಟೋ ಜನ ಎಂಬತ್ತರವರೆಗೆ ಗಟ್ಟಿಮುಟ್ಟಾಗಿ ಇರುತ್ತಾರೆ. ಆದರೆ ಐವತ್ತರ ಹೊತ್ತಿಗೆ ಲೆಕ್ಕ ಬೇರೆಯಾಗುತ್ತದೆ. ಆಗ ಎರಡು ಪಟ್ಟು ಅನ್ನುವುದು ಸಣ್ಣ ಮಾತಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಎರಡು ಉತ್ತರ. ಒಂದು, ರಕ್ತನಾಳಗಳಲ್ಲಿ ಮೊದಲೇ ಇದ್ದ ಬಲಹೀನತೆ ಬಸಿರಿನ ಭಾರಕ್ಕೆ ಹೊರಗೆ ಬಂತು ಅನ್ನುವುದು. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಹೃದಯ ಅಷ್ಟನ್ನೂ ತಳ್ಳಬೇಕು. ನಮ್ಮ ಕಡೆ ಹೆಂಚಿನ ಮನೆಗಳಲ್ಲಿ ಮೊದಲ ಜೋರು ಮಳೆಗೆ ಎಲ್ಲಿ ಸೋರುತ್ತದೆ ಅಂತ ಗೊತ್ತಾಗುತ್ತದಲ್ಲ, ಹಾಗೆ. ಮಳೆ ನಿಂತ ಮೇಲೆ ನೆಲ ಒಣಗುತ್ತದೆ, ಹೆಂಚು ಒಡೆದೇ ಇರುತ್ತದೆ. ಇನ್ನೊಂದು ಉತ್ತರ, ಆ ಕಾಯಿಲೆಯೇ ರಕ್ತನಾಳ, ಹೃದಯ, ಕಿಡ್ನಿಗಳ ಮೇಲೆ ಗಾಯ ಉಳಿಸಿ ಹೋಗುತ್ತದೆ ಅನ್ನುವುದು. ಎರಡೂ ಇರಬಹುದು ಅಂತಲೇ ಈಗ ಹೆಚ್ಚಿನವರ ಅಭಿಪ್ರಾಯ. ಹೆಂಗಸಿಗೆ ಎರಡರಲ್ಲಿ ಯಾವುದಾದರೂ ಒಂದೇ. 24ನೇ ವಯಸ್ಸಿಗೇ ಅಕ್ಕನ ಮೈ ಒಂದು ಸೂಚನೆ ಕೊಟ್ಟಿದೆ, ಅದೂ ಇಪ್ಪತ್ತು ವರ್ಷ ಮೊದಲೇ. ಗಂಡಸರಿಗೆ ಇಷ್ಟು ಬೇಗ ಇಂಥ ಸೂಚನೆ ಸಿಗುವುದೇ ಇಲ್ಲ. ಅದನ್ನು ಓದಿಕೊಳ್ಳುವವರು ಯಾರು ಅನ್ನುವುದೇ ಪ್ರಶ್ನೆ.

ಬಾಣಂತನದ ಮನೆಯಲ್ಲಿ

ಅಕ್ಕ ಮನೆಗೆ ಬಂದಾಗ ಬಿಪಿ ಮಾತ್ರೆ ಒಂದು ಸ್ಟ್ರಿಪ್ ಇತ್ತು. ಅದರ ಪಕ್ಕದಲ್ಲಿ ಬಾಣಂತಿ ಲೇಹ್ಯ, ಹುರಿದ ಬೆಳ್ಳುಳ್ಳಿ, ಮೆಣಸು ಜೀರಿಗೆ ಪುಡಿ, ಕೊಬ್ಬರಿ ಬೆಲ್ಲ. ಕಿವಿಗೆ ಹತ್ತಿ, ತಲೆಗೆ ವಸ್ತ್ರ, ಬೆಳಿಗ್ಗೆ ಎಣ್ಣೆ ನೀರು, ಆಮೇಲೆ ಸಾಂಬ್ರಾಣಿ ಹೊಗೆ. ಬಾಣಂತನವನ್ನು ಹಾಸ್ಯ ಮಾಡುವುದು ಈಗ ಫ್ಯಾಷನ್. ನನಗೆ ಹಾಗನಿಸುವುದಿಲ್ಲ. ಹೆತ್ತ ಹೆಣ್ಣಿಗೆ ಮೂರು ತಿಂಗಳು ಕೂತಲ್ಲಿಗೆ ಊಟ, ನಿದ್ದೆ, ಮೈ ನೀವುವ ಕೈ ಸಿಗುವುದು ಸಣ್ಣ ವಿಷಯವಾ? ಬೇರೆ ದೇಶಗಳಲ್ಲಿ ಇರುವ ನಮ್ಮ ಹುಡುಗಿಯರನ್ನು ಕೇಳಿ.

ಆದರೆ ಬಿಪಿಯ ಲೆಕ್ಕದಲ್ಲಿ ಬಾಣಂತನದ ಮನೆಗೆ ಒಂದು ಕುರುಡು ಜಾಗ ಇದೆ. ಹೆರಿಗೆಯಾದ ಕೂಡಲೇ ಬಿಪಿ ಇಳಿದಂತೆ ಕಂಡರೂ ಮೂರರಿಂದ ಆರನೇ ದಿನದ ನಡುವೆ ಅದು ಮತ್ತೆ ಏರುತ್ತದೆ. ಎಷ್ಟೋ ಜನ ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿರುತ್ತಾರೆ, ಇಲ್ಲವೇ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಫಿಟ್ಸ್ ಕೂಡ ಹೆರಿಗೆಯಾದ ಮೇಲೆ ಬರಬಹುದು, ಬಸಿರಿನಲ್ಲಿ ಬಿಪಿ ಸರಿಯಾಗಿಯೇ ಇದ್ದವರಿಗೂ. ಬಾಣಂತಿ ತಲೆನೋವು ಅಂದರೆ ನಮ್ಮಲ್ಲಿ ಬರುವ ಉತ್ತರ ಒಂದೇ: ನೆತ್ತಿಗೆ ಗಾಳಿ ಸೋಕಿದೆ, ಶೀತ ಆಗಿದೆ, ವಸ್ತ್ರ ಇನ್ನೂ ಬಿಗಿಯಾಗಿ ಕಟ್ಟು. ವಸ್ತ್ರ ಕಟ್ಟಿ, ಬೇಡ ಅನ್ನುವುದಿಲ್ಲ. ಬಿಪಿಯನ್ನೂ ನೋಡಿಸಿ. ತೋಳಿಗೆ ಸುತ್ತುವ ಮಿಷನ್ ಈಗ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ತೊಟ್ಟಿಲ ಶಾಸ್ತ್ರಕ್ಕೆ ಬರುವ ಬೆಳ್ಳಿ ಬಟ್ಟಲಿಗಿಂತ ಕಡಿಮೆ. (ಅಂದ ಹಾಗೆ ಉಪ್ಪನ್ನು ಹುರಿದು ಹಾಕಿದರೆ ಬಿಪಿಗೆ ಏನೂ ಆಗಲ್ಲ ಅಂತ ನಮ್ಮಮ್ಮ ಈಗಲೂ ನಂಬಿದ್ದಾರೆ. ಹುರಿದರೆ ನೀರು ಆರುತ್ತದೆ, ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ. ಈ ವಾದದಲ್ಲಿ ನಾನು ಇನ್ನೂ ಗೆದ್ದಿಲ್ಲ.)

ಆ ಮೊದಲ ವಾರಗಳು ಬರೀ ಗಂಡಾಂತರ ಕಳೆಯುವ ವಾರಗಳಲ್ಲ ಅಂತ ಈಗ ಗೊತ್ತಾಗುತ್ತಿದೆ. ಆಕ್ಸ್‌ಫರ್ಡ್‌ನಲ್ಲಿ 220 ತಾಯಂದಿರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಮನೆಯಲ್ಲೇ ದಿನಾ ಬಿಪಿ ನೋಡಿಕೊಂಡು ಮೊಬೈಲಿನಲ್ಲಿ ಕಳಿಸುತ್ತಿದ್ದರು, ಡಾಕ್ಟರುಗಳು ಅದಕ್ಕೆ ತಕ್ಕಂತೆ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಿದ್ದರು. ಇನ್ನೊಂದು ಗುಂಪಿಗೆ ಎಂದಿನ ಉಪಚಾರ. ಸುಮಾರು ಒಂಬತ್ತು ತಿಂಗಳ ನಂತರವೂ ಮೊದಲ ಗುಂಪಿನ ಬಿಪಿ ಇನ್ನೊಂದಕ್ಕಿಂತ ಕೆಳಗೇ ಇತ್ತು. ಅಂದರೆ ಬಾಣಂತನದಲ್ಲಿ ಬಿಪಿಯನ್ನು ಹದವಾಗಿ ಇಟ್ಟುಕೊಂಡರೆ ಮುಂದಕ್ಕೂ ಲಾಭ. ಎಣ್ಣೆ ನೀರು, ಲೇಹ್ಯದ ಸಾಲಿಗೆ ಇದೂ ಸೇರಬಹುದಲ್ವಾ? ನಮ್ಮ ಅಜ್ಜಿಯರು ಇದ್ದಿದ್ದರೆ ಇದಕ್ಕೂ ಒಂದು ಹೊತ್ತು, ಒಂದು ಶಾಸ್ತ್ರ ಮಾಡಿಬಿಡುತ್ತಿದ್ದರು.

ಇನ್ನೊಂದು ನಮ್ಮದೇ ಆದ ತೊಡಕು. ಚೊಚ್ಚಲ ಹೆರಿಗೆ ತವರಲ್ಲಿ. ಏಳು ತಿಂಗಳವರೆಗೆ ನೋಡಿದ ಡಾಕ್ಟರು ಗಂಡನ ಮನೆಯ ಊರಲ್ಲಿ, ಹೆರಿಗೆ ಮಾಡಿಸಿದವರು ತವರೂರಲ್ಲಿ, ಆಮೇಲೆ ಮಗುವಿಗೆ ಚುಚ್ಚಿಸುವುದು ಎಲ್ಲಿ ಹತ್ತಿರವೋ ಅಲ್ಲಿ. ಮೂರು ತಿಂಗಳಿಗೋ ಐದು ತಿಂಗಳಿಗೋ ತೊಟ್ಟಿಲು, ಹಾಸಿಗೆ, ಸೀರೆ, ಸಿಹಿತಿಂಡಿ ಎಲ್ಲ ಕಟ್ಟಿಕೊಂಡು ಗಂಡನ ಮನೆಗೆ ಹೊರಡುವಾಗ ಫೈಲು ತವರಿನ ಬೀರುವಿನಲ್ಲೇ ಉಳಿಯುತ್ತದೆ. ಉಳಿಯುವುದು ತಾಯಿ ಕಾರ್ಡ್ ಒಂದು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡುತ್ತೇವೆ. ಆದರೆ ಯಾಕೆ? ಅದರಲ್ಲಿ ಮಗುವಿನ ಲಸಿಕೆಯ ಪಟ್ಟಿ ಇದೆ ಅಂತ. ಅದೇ ಕಾರ್ಡಿನ ಇನ್ನೊಂದು ಪುಟದಲ್ಲಿ ತಿಂಗಳು ತಿಂಗಳು ಬರೆದ ತಾಯಿಯ ಬಿಪಿ, ತೂಕ, ಮೂತ್ರದ ಪರೀಕ್ಷೆ ಎಲ್ಲ ಇರುತ್ತದೆ. ಹೆರಿಗೆಯಾದ ಮೇಲೆ ಆ ಪುಟ ತೆರೆದವರನ್ನು ನಾನು ನೋಡಿಲ್ಲ. ಮಗುವಿಗೆ ಐದು ವರ್ಷದ ಬೂಸ್ಟರ್ ಹಾಕಿಸುವವರೆಗೆ ಕಾರ್ಡ್ ಭದ್ರ, ಆಮೇಲೆ ರದ್ದಿ.

42 ದಿನ

ಬೆಳಗಾವಿ ಕಡೆಯವರಿಗೆ ಇದು ಗೊತ್ತಿರಬಹುದು. ಬಸಿರಿನ ಬಿಪಿಯ ಬಗ್ಗೆ ಜಗತ್ತಿನಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಕೆಲವು ನಮ್ಮ ಹಳ್ಳಿಗಳಲ್ಲೇ ನಡೆದಿವೆ. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕ್ಲಿಪ್ ಅನ್ನುವ ಪ್ರಯೋಗ ನಡೆಯಿತು. ಆಶಾ ಕಾರ್ಯಕರ್ತೆಯರು, ಎಎನ್ಎಂ ಸಿಸ್ಟರುಗಳು ಮನೆ ಮನೆಗೆ ಹೋಗಿ ಬಸುರಿಯರ ಬಿಪಿ ನೋಡಿ, ಮೊಬೈಲಿನಲ್ಲಿ ತುಂಬಿ, ಬೇಕಾದರೆ ಅಲ್ಲೇ ಮಾತ್ರೆ, ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸುವುದು. ಪಾಕಿಸ್ತಾನ, ಮೊಜಾಂಬಿಕ್‌ನಲ್ಲೂ ಇದೇ ನಡೆಯಿತು. ಒಟ್ಟು ಫಲಿತಾಂಶದಲ್ಲಿ ಅಂದುಕೊಂಡಷ್ಟು ವ್ಯತ್ಯಾಸ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಅದು ನನಗೆ ಇಷ್ಟವಾಯಿತು. ಗೋಕಾಕದಲ್ಲಿ ಹಸಿರು, ಹಳದಿ, ಕೆಂಪು ದೀಪ ಹೊತ್ತಿಸುವ ಬಿಪಿ ಮಿಷನ್ ಪ್ರಯೋಗಿಸಿದರು, ಅಂಕಿ ಓದಲು ಬಾರದವರಿಗೂ ಅಪಾಯ ಗೊತ್ತಾಗಲಿ ಅಂತ. ಬೆಂಗಳೂರಿನಲ್ಲಿ ಚೊಚ್ಚಲ ಬಸಿರಿನ 11,000 ಹೆಂಗಸರಿಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟು, ದಿನಕ್ಕೆ 1,500 ಮಿಲಿಗ್ರಾಂ ಬೇಕಾ ಅಥವಾ 500 ಸಾಕಾ ಅಂತ ನೋಡಿದರು. 500 ಕೂಡ ಅಷ್ಟೇ ಕೆಲಸ ಮಾಡುತ್ತದೆ ಅಂತ 2024ರಲ್ಲಿ ಗೊತ್ತಾಯಿತು. ದಿನಕ್ಕೆ ಮೂರು ದೊಡ್ಡ ಮಾತ್ರೆ ನುಂಗಲಾರದೆ ಹಿತ್ತಲಿಗೆ ಎಸೆಯುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಇಷ್ಟೆಲ್ಲ ಕೆಲಸ ನಮ್ಮಲ್ಲೇ ನಡೆದಿದೆ. ಆದರೆ ಇವೆಲ್ಲದರ ಗುರಿ ಬಸಿರು, ಹೆರಿಗೆ, ಅದಾದ ಮೇಲಿನ ಕೆಲವು ವಾರ. ತಾಯಿಯ ಸಾವು ಅಂತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಿಡಿಯುವುದು ಹೆರಿಗೆಯಾಗಿ 42 ದಿನದವರೆಗೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಇಡೀ ರಾಜ್ಯ ಮಾತಾಡಿತು. ಮಾತಾಡಲೇಬೇಕಿತ್ತು. ಆದರೆ 47ನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಕುಸಿದು ಬಿದ್ದು ಲಕ್ವದಿಂದ ಸತ್ತ ಹೆಂಗಸು ಯಾವ ಪಟ್ಟಿಗೆ? ಅವಳ ಸಾವಿನ ಬೇರು ಎರಡು ದಶಕದ ಹಿಂದಿನ ಹೆರಿಗೆ ವಾರ್ಡಿನಲ್ಲಿ ಇರಬಹುದು. ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಕ್ಕ ಆ ಪಟ್ಟಿಯ ಅಂಚಿನವರೆಗೆ ಹೋಗಿ ಬಂದಳು ಅಂತ ನನಗನಿಸುತ್ತದೆ. ಕಣ್ಣಿನ ಡಾಕ್ಟರು ಚುರುಕಾಗಿದ್ದರು, ಬಚಾವಾದಳು.

ಮೂವತ್ತರ ಗೆರೆ

ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆಯ ಪರಿಚಯ ಚೆನ್ನಾಗಿದೆ. ಮನೆ ಮನೆಗೆ ಹೋಗಿ 30 ದಾಟಿದವರ ಬಿಪಿ, ಶುಗರ್ ವಿಚಾರಿಸುವ ಕೆಲಸ ಅವರದು. ಅದಕ್ಕೊಂದು ಫಾರಂ ಇದೆ. ವಯಸ್ಸೆಷ್ಟು, ತಂಬಾಕು ಇದೆಯಾ, ಕುಡಿತ ಇದೆಯಾ, ಸೊಂಟದ ಸುತ್ತಳತೆ ಎಷ್ಟು, ವಾರಕ್ಕೆ 150 ನಿಮಿಷ ಮೈ ಬಗ್ಗಿಸುತ್ತೀರಾ, ತಂದೆ ತಾಯಿ ಒಡಹುಟ್ಟಿದವರಿಗೆ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯಾ. ಒಂದೊಂದಕ್ಕೂ ಅಂಕ. ಹೆಂಗಸರಿಗೆ ಅಂತಲೇ ಬೇರೆ ಪ್ರಶ್ನೆಗಳೂ ಇವೆ, ಎದೆಯಲ್ಲಿ ಗಂಟು, ಬಿಳಿಸೆರಗು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಅಂತ. ಬಸಿರಿನಲ್ಲಿ ಬಿಪಿ ಬಂದಿತ್ತಾ ಅನ್ನುವ ಸಾಲು ನಾನು ನೋಡಿದ ಫಾರಂನಲ್ಲಿ ಇರಲಿಲ್ಲ.

"ಇದೊಂದು ಯಾಕಿಲ್ಲ ಅಕ್ಕ?" ಅಂತ ಅವರನ್ನೇ ಕೇಳಿದೆ. "ಅದು ತಾಯಿ ಕಾರ್ಡಲ್ಲಿ ಇರುತ್ತಲ್ಲ ಮೇಡಂ" ಅಂದರು. ಆಮೇಲೆ ತಾವೇ ನಕ್ಕು, "ತಾಯಿ ಕಾರ್ಡ್ ಎಂಟ್ರಿ ಮಾಡಿದ್ದೂ ನಾನೇ, ಇದನ್ನ ತುಂಬೋಳೂ ನಾನೇ. ಆದ್ರೆ ಅದು ಬೇರೆ ಆ್ಯಪ್, ಇದು ಬೇರೆ ಆ್ಯಪ್" ಅಂದರು. ನಮ್ಮ ಬೀದಿಯಲ್ಲಿ ಯಾರಿಗೆ ಬಸಿರಿನಲ್ಲಿ ಬಿಪಿ ಬಂದಿತ್ತು ಅಂತ ಅವರು ಪುಸ್ತಕ ನೋಡದೆ ಹೇಳಿದರು, ಮೂರು ಮನೆ. ಒಂದು ಮನೆಯ ಹುಡುಗಿಗೆ ಈಗ 25. ಅವಳ ಹೆಸರು ಈ ಫಾರಂಗೆ ಬರಲು ಇನ್ನೂ ಐದು ವರ್ಷ ಬೇಕು.

ನಮ್ಮಲ್ಲಿ ಹಳ್ಳಿ ಕಡೆ ಇಪ್ಪತ್ತು ಇಪ್ಪತ್ತೆರಡಕ್ಕೆ ಚೊಚ್ಚಲು, ಇಪ್ಪತ್ತೈದಕ್ಕೆ ಎರಡನೆಯದು, ಅಲ್ಲೇ ಮಕ್ಕಳಾಗದ ಆಪರೇಷನ್. ಅಷ್ಟು ದಿನ ತಿಂಗಳಿಗೊಮ್ಮೆ ತೋಳಿಗೆ ಪಟ್ಟಿ ಸುತ್ತಿಸಿಕೊಂಡ ಹೆಂಗಸು ಆಮೇಲೆ ವರ್ಷಗಟ್ಟಲೆ ಯಾವ ಡಾಕ್ಟರನ್ನೂ ತನಗಾಗಿ ನೋಡುವುದಿಲ್ಲ. ಆಸ್ಪತ್ರೆಗೆ ಹೋಗುತ್ತಾಳೆ, ಮಗುವಿನ ಜ್ವರಕ್ಕೆ, ಅತ್ತೆಯ ಮಂಡಿನೋವಿಗೆ. ಬಿಪಿ ಇದ್ದರೂ ಅದು ಸುಮ್ನೆ ಇರುವ ಕಾಯಿಲೆ, ಏನೂ ಹೇಳುವುದಿಲ್ಲ. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಹೊಸ ಯೋಜನೆ, ಹೊಸ ಹೆಸರು, ಉದ್ಘಾಟನೆ ಯಾವುದೂ ಮಾಡುತ್ತಿರಲಿಲ್ಲ. ಫಾರಂನಲ್ಲಿ ಒಂದು ಸಾಲು ಸೇರಿಸುತ್ತಿದ್ದೆ. ಬಸಿರಿನಲ್ಲಿ ಬಿಪಿ ಬಂದವರಿಗೆ 30ರ ಗೆರೆ ಬೇಡ, ಹೆರಿಗೆಯಾದ ವರ್ಷದಿಂದಲೇ ಅವರ ಹೆಸರು ಈ ಪಟ್ಟಿಯಲ್ಲಿ ಇರಲಿ ಅಂತ ಬರೆಸುತ್ತಿದ್ದೆ. ಮಗುವಿನ ಲಸಿಕೆಗೆ ಅಂತ ಹೇಗೂ ಅಂಗನವಾಡಿಗೆ ಬರುತ್ತಾರೆ, ಅಲ್ಲೇ ಅಮ್ಮನ ತೋಳಿಗೂ ಒಂದು ಸಲ ಪಟ್ಟಿ ಸುತ್ತಿದರೆ ಮುಗಿಯಿತು. ವರ್ಷಕ್ಕೊಮ್ಮೆ ಬಿಪಿ, ಆಗಾಗ ಶುಗರ್, ಕೊಲೆಸ್ಟ್ರಾಲ್, ಮೂತ್ರದಲ್ಲಿ ಪ್ರೋಟೀನ್. ಯಾವುದಕ್ಕೂ ದೊಡ್ಡಾಸ್ಪತ್ರೆ ಬೇಡ.

ಅಕ್ಕನ ಮಗಳು

2014ರಲ್ಲಿ ನಾನು ಬಸುರಿಯಾದಾಗ ಮೊದಲ ದಿನವೇ ಡಾಕ್ಟರಿಗೆ ಅಕ್ಕನ ವಿಷಯ ಹೇಳಿದ್ದೆ. ಅಮ್ಮನಿಗೋ ಅಕ್ಕತಂಗಿಯರಿಗೋ ಬಂದಿದ್ದರೆ ನಮಗೂ ಬರುವ ಸಂಭವ ಸ್ವಲ್ಪ ಜಾಸ್ತಿ. ಅವರು ದಿನಾ ರಾತ್ರಿ ಒಂದು ಸಣ್ಣ ಆಸ್ಪಿರಿನ್ ಮಾತ್ರೆ ಕೊಟ್ಟರು. ತಲೆನೋವಿಗಲ್ಲ, ಮಾಸಿನ ರಕ್ತನಾಳಕ್ಕೆ. ಮೂರನೇ ನಾಲ್ಕನೇ ತಿಂಗಳಲ್ಲೇ ಶುರು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲ. ನನಗೆ ಏನೂ ಆಗಲಿಲ್ಲ, ಹೇಳಿಕೊಳ್ಳುವಂಥ ಕಥೆಯೂ ಇಲ್ಲ.

ಆ 1 ಕೆಜಿ 700 ಗ್ರಾಂ ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಳೆದ ಯುಗಾದಿಗೆ ಬಂದಾಗ ಒಬ್ಬಟ್ಟಿಗೆ ಹೂರಣ ರುಬ್ಬುತ್ತಾ ಅವಳಿಗೆ ಇದನ್ನೆಲ್ಲ ಹೇಳಿದೆ. ತಾನು ಹುಟ್ಟಿದ ರಾತ್ರಿಯ ಕಥೆಯನ್ನು ಎಷ್ಟೋ ಸಲ ಕೇಳಿದ್ದಾಳೆ, ಆದರೆ ಅದರಲ್ಲಿ ಯಾವಾಗಲೂ ಅವಳೇ ನಾಯಕಿ. ಗಾಜಿನ ಪೆಟ್ಟಿಗೆ, ಹತ್ತಿಯಲ್ಲಿ ಸುತ್ತಿದ್ದು, ಒಂದೊಂದು ಹನಿ ಹಾಲು. ಅಮ್ಮನ ಮೊಣಕಾಲಿಗೆ ಸುತ್ತಿಗೆ ಹೊಡೆದ ಭಾಗ ಗೊತ್ತೇ ಇರಲಿಲ್ಲ. "ಅಂದ್ರೆ ನಂಗೂ ಬರುತ್ತಾ ಚಿಕ್ಕಿ?" ಅಂದಳು. ಬರಬಹುದು, ಬರದೇ ಇರಬಹುದು ಅಂದೆ. ಇಂಥ ಬಸಿರಿನಲ್ಲಿ ಹುಟ್ಟಿದ ಮಕ್ಕಳ ಬಿಪಿ ಉಳಿದವರಿಗಿಂತ ಒಂಚೂರು ಮೇಲಿರುತ್ತದೆ, ಅದಕ್ಕೆ ಈಗಿನಿಂದಲೇ ಆಗಾಗ ನೋಡಿಸಿಕೋ ಅಂದೆ. ಮುಂದೆ ಯಾವತ್ತಾದರೂ ಬಸುರಿಯಾದರೆ ಮೊದಲ ದಿನವೇ ಡಾಕ್ಟರಿಗೆ "ನಮ್ಮಮ್ಮನಿಗೆ ಬಂದಿತ್ತು, ದಿನ ತುಂಬುವ ಮೊದಲೇ ನನ್ನನ್ನು ತೆಗೆದರು" ಅಂತ ಹೇಳು, ಅವರು ಕೇಳಲಿ ಬಿಡಲಿ.

"ಅದಕ್ಕೆಲ್ಲ ಇನ್ನೂ ಹತ್ತು ವರ್ಷ ಇದೆ ಚಿಕ್ಕಿ" ಅಂದಳು. "ಮೊದಲು ಅಮ್ಮನ ಮಾತ್ರೆ ಡಬ್ಬಿ ನೋಡು."

ನೋಡಿದೆ. ಲೆಕ್ಕದ ಪ್ರಕಾರ ಖಾಲಿಯಾಗಿರಬೇಕಿದ್ದ ಸ್ಟ್ರಿಪ್‌ನಲ್ಲಿ ಅರ್ಧದಷ್ಟು ಮಾತ್ರೆಗಳು ಹಾಗೇ ಇದ್ದವು. ಅಕ್ಕನನ್ನು ಕೇಳಿದರೆ, "ಬಿಪಿ ಈಗ ನಾರ್ಮಲ್ ಇದೆಯಲ್ಲೇ, ಅದಕ್ಕೆ ದಿನ ಬಿಟ್ಟು ದಿನ ತಗೊಳ್ತಿದೀನಿ" ಅಂದಳು.